ಪಾಂಜರಪೋಳದ ನಾಯಿ, ಲಟ್ಟಿಸಿದ ರೊಟ್ಟಿ

ಉಟಗಿಯಲ್ಲಿ ಬಹಳ ವರ್ಷ ನನಗೆ ‘ಲಟ್ಟಿಸೋ ಸೊಸಿ’ ಎಂಬ ಹೆಸರಿತ್ತು. ಇದರಲ್ಲಿ ಅವಮಾನವೇನು ಎಂದು ಬೇರೆ ಕಡೆಯವರಿಗೆ ಅನಿಸಬಹುದು. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಬಡಿಯುತ್ತಾರೆ. ಅಂಗೈಯಿಂದ ಪಟಪಟ ಬಡಿಯುತ್ತ, ತಿರುಗಿಸುತ್ತ, ತವೆಯಷ್ಟು ಅಗಲ ಮಾಡುತ್ತಾರೆ. ಲಟ್ಟಣಿಗೆ ಹಿಡಿಯುವುದು ಹೋಳಿಗೆಗೆ, ಚಪಾತಿಗೆ. ಜೋಳದ ಹಿಟ್ಟಿಗೆ ಲಟ್ಟಣಿಗೆ ಹಚ್ಚಿದವಳು ತವರಿನಲ್ಲಿ ಏನೂ ಕಲಿಯದೆ ಬಂದವಳು ಎಂದೇ ಅರ್ಥ. ಬೆಳಿಗ್ಗೆ ಓಣಿಯಲ್ಲಿ ನೀರಿಗೆ ಹೋಗುತ್ತ, ಬರೀ ಸಪ್ಪಳ ಕೇಳಿ ಯಾರ ಮನೆಯ ಒಲೆಯ ಮುಂದೆ ಅತ್ತೆ ಕುಳಿತಿದ್ದಾಳೆ, ಯಾರ ಮನೆಯಲ್ಲಿ ಸೊಸೆ ಕುಳಿತಿದ್ದಾಳೆ ಎಂದು ಹೇಳುವ ಹೆಂಗಸರು ಆಗ ಇದ್ದರು. ನಾನೇನು ರೊಟ್ಟಿ ಬಡಿಯಲು ಬಾರದವಳಲ್ಲ. ಸೊರಡಿಯ ನನ್ನ ತವರಿನಲ್ಲಿ ಕಣದ ಆಳುಗಳಿಗೆಲ್ಲ ಬಡಿದು ಹಾಕಿದ ಕೈ ಇದು. ಆದರೂ ಆ ಹೆಸರು ಬಂತು, ಅದೂ ಒಂದು ನಾಯಿಯ ದೆಸೆಯಿಂದ. ಈಗ ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಆಗ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಮದುವೆಯಾಗಿ ಬಂದ ವರ್ಷದ ಮಾತು. ಸಂಸ್ಥಾನಗಳು ವಿಲೀನವಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ನನ್ನ ಮಾವ ಒಕ್ಕಲುತನದ ಜೊತೆಗೆ ಕಣಿಕೆಯ ವ್ಯಾಪಾರ ಮಾಡುತ್ತಿದ್ದರು. ಕಣಿಕೆ ಎಂದರೆ ಒಣಗಿದ ಜೋಳದ ದಂಟು, ದನಗಳ ಮೇವು. ಪೇಟೆಯಲ್ಲಿ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಒಂದು ಪಾಂಜರಪೋಳವಿತ್ತು. ಮುದಿ ಆಕಳು, ಕುಂಟ ಎತ್ತು, ಯಾರೂ ದಿಕ್ಕಿಲ್ಲದ ನಾಯಿ, ಇಂಥ ಜೀವಗಳನ್ನು ಅಲ್ಲಿ ಇಟ್ಟುಕೊಂಡು ಸಾಕುತ್ತಿದ್ದರು. ಮಾವ ಅಲ್ಲಿಗೆ ಗಾಡಿ ತುಂಬ ಕಣಿಕೆ ಹಾಕಿ ಬರುತ್ತಿದ್ದರು. ನಮ್ಮ ಮನೆಯದೇ ಒಂದು ಮುದಿ ಎತ್ತು ಕಾಲು ಮುರಿದುಕೊಂಡಾಗ ಅದನ್ನೂ ಅಲ್ಲಿಯೇ ಬಿಟ್ಟಿದ್ದರು. ನಾನು ಆ ಎತ್ತನ್ನು ನೋಡಿದವಳಲ್ಲ. ಆದರೆ ಅದರ ಗೆಜ್ಜೆಸರವನ್ನು ಮಾವ ದೇವರ ಜಗಲಿಯ ಪಕ್ಕದ ಗೂಟಕ್ಕೆ ತೂಗುಹಾಕಿದ್ದರು, ಯಾರೂ ಮುಟ್ಟುವಂತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಮಾವ ಕಣಿಕೆ ಹಾಕಲು ಹೋದರು. ಮರುದಿನ ಮಧ್ಯಾಹ್ನ ಗಾಡಿ ತಿರುಗಿ ಬಂದಾಗ ಅದರೊಳಗೆ ಗೋಣಿತಟ್ಟಿನ ಕೆಳಗೆ ಏನೋ ನಡುಗುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, “ಏನ್ ತಂದೀರಿ ಅದು? ಕರಾನ?” ಎಂದರು.

“ನಾಯಿ.”

“ನಾಯಿಗೆ ಊರಾಗ ಬರ ಬಿದ್ದಿತ್ತೇನ್ರಿ?”

ಮಾವ ತಟ್ಟು ಸರಿಸಿದರು. ಬೇಟೆಗಾಗಿ ಸಾಕುವ ಕಾರವಾನಿ ನಾಯಿ ಅದು. ಎತ್ತರದ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ, ಉದ್ದ ಮೋರೆ, ಮಣ್ಣಿನ ಬಣ್ಣ. ಎದ್ದು ನಿಂತರೆ ನನ್ನ ಸೊಂಟಕ್ಕೆ ಬರುವಷ್ಟು ದೊಡ್ಡದು. ಆದರೆ ಅದು ಎದ್ದು ನಿಲ್ಲಲು ಒಪ್ಪಲೇ ಇಲ್ಲ. ಅಷ್ಟು ದೊಡ್ಡ ಪ್ರಾಣಿ ಗಾಡಿಯ ಮೂಲೆಯಲ್ಲಿ ಬೆಕ್ಕಿನ ಮರಿಯಷ್ಟು ಆಗಲು ಪ್ರಯತ್ನಿಸುತ್ತಿತ್ತು. ಯಾವುದೋ ಇನಾಮದಾರರ ವಾಡೆಯಲ್ಲಿ ಇದ್ದದ್ದಂತೆ. ವಾಡೆ ಒಡೆದು ಹಂಚಿಹೋದಾಗ ಉಳಿದ ನಾಯಿಗಳಿಗೆಲ್ಲ ಗಿರಾಕಿ ಸಿಕ್ಕರು. ಮೊಲ ಕಂಡರೂ ಬೆನ್ನಟ್ಟದ, ಸಪ್ಪಳ ಕೇಳಿದರೆ ಓಡುವ ಇದನ್ನು ಯಾರು ಒಯ್ಯುತ್ತಾರೆ? ಯಾರೋ ತಂದು ಪಾಂಜರಪೋಳದ ಗೇಟಿಗೆ ಕಟ್ಟಿ ಹೋಗಿದ್ದರು.

“ನಮ್ಮ ಎತ್ತ ಹ್ವಾದ ತಿಂಗಳ ಸತ್ತತಂತ,” ಎಂದರು ಮಾವ, ಎತ್ತುಗಳನ್ನು ನೊಗದಿಂದ ಬಿಡಿಸುತ್ತ. “ಇದು ಅದರ ಮಗ್ಗಲದಾಗ ಮಲಗ್ತಿತ್ತಂತ. ಅದು ಹ್ವಾದ ಮ್ಯಾಲೂ ಅದ ಜಾಗಾದಾಗ ಬಿದ್ದಿತ್ತು. ಎಬ್ಬಿಸಿದ್ರ ಏಳವಲ್ದು. ಹಂಗ ಬಿಟ್ಟು ಬರಾಕ ನನಗ ಆಗಲಿಲ್ಲ.”

ಅತ್ತೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದರು. ಮನೆಗೆ ಹೊಸ ಎತ್ತು ಬಂದರೆ ಕಾಲಿಗೆ ನೀರು ಹಾಕಿ, ಹಣೆಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆಯುವುದು ನಮ್ಮ ಪದ್ಧತಿ. ನಾಯಿಗೆ ಹಾಗೆ ಯಾರೂ ಮಾಡುವುದಿಲ್ಲ. ಅತ್ತೆ ಮಾಡಿದರು. ಅಷ್ಟರಲ್ಲಿ ಅದು ಗಾಡಿಯಿಂದ ಇಳಿದು ಗಾಲಿಯ ಹಿಂದೆ ಸೇರಿತ್ತು. ಕುಂಕುಮವೆಲ್ಲ ಗಾಲಿಗೇ ಹತ್ತಿತು. “ಬಾರಪಾ ಪಾವಣ್ಯಾ,” ಎಂದರು ಅತ್ತೆ ವ್ಯಂಗ್ಯದಿಂದ. ಪಾವಣ್ಯಾ ಎಂದರೆ ನೆಂಟ. ಬೇರೆ ಹೆಸರಿಡಲು ಅವರು ಬಿಡಲಿಲ್ಲ. ಹೆಸರಿಟ್ಟರೆ ಮೈಗೆ ಅಂಟಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದರ ಮೇಲಿನ ಕಟ್ಟೆಯ ಆಚೆಗೆ ಅಡಿಗೆ ಮನೆ. ನಾಯಿ ಎತ್ತುಗಳು ಮೇವು ತಿನ್ನುವ ಗೋದಲಿಯ ಹಿಂದೆ ಹೋಗಿ ಮಲಗಿತು. ಎತ್ತುಗಳ ಬಗ್ಗೆ ಅದಕ್ಕೆ ಒಂದಿಷ್ಟೂ ಹೆದರಿಕೆಯಿರಲಿಲ್ಲ. ಹೆದರಿಕೆಯೆಲ್ಲ ಮನುಷ್ಯರದು, ಅದರಲ್ಲೂ ಅಡಿಗೆ ಮನೆಯದು.

ಅದು ತಿನ್ನಲೇ ಇಲ್ಲ. ನಮ್ಮಲ್ಲಿ ನೆಂಟರಿಗೆ ಆರಿದ ರೊಟ್ಟಿ ಹಾಕುವುದಿಲ್ಲ. ನೆಂಟ ತಾಟಿನ ಮುಂದೆ ಕುಳಿತ ಮೇಲೆಯೇ ಒಲೆಯ ಮುಂದೆ ಬಡಿಯಲು ಶುರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಿಸಿಯದು ತಾಟಿಗೆ ಬೀಳಬೇಕು. ಅತ್ತೆ ನಾಯಿಯನ್ನು ಬೈದದ್ದು ಬೈದರೂ ಈ ಮರ್ಯಾದೆ ತಪ್ಪಿಸಲಿಲ್ಲ. ಮೊದಲ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಗೋದಲಿಯ ಹತ್ತಿರ ಇಟ್ಟು ಬಂದು ಎರಡನೆಯದನ್ನು ಬಡಿಯುತ್ತಿದ್ದರು. ನಾಯಿ ತಲೆ ಎತ್ತುತ್ತಿತ್ತು, ಮೂಗು ಚಾಚುತ್ತಿತ್ತು, ಆಮೇಲೆ ನಡುಗುತ್ತ ಎತ್ತಿನ ಹೊಟ್ಟೆಯ ಕೆಳಗೆ ಸೇರುತ್ತಿತ್ತು. ಹಾಲು ರೊಟ್ಟಿಯನ್ನು ಓಣಿಯ ನಾಯಿಗಳು ತಿಂದು ಕೊಬ್ಬಿದವು. ಇದು ಎತ್ತುಗಳ ಬಾನಿಯಲ್ಲಿ ಉಳಿದ ನುಚ್ಚು ನೆಕ್ಕಿಕೊಂಡು ಜೀವ ಹಿಡಿದಿತ್ತು. ಪಕ್ಕೆಲುಬು ಎಣಿಸುವಂತಾದವು.

ಊರೆಲ್ಲ ವೈದ್ಯರೇ ಆಗ. ಪಕ್ಕದ ಮನೆಯ ಕುರಿಗಾರ ಮುದುಕ ಬಂದು ನೋಡಿ, “ವಾಡೇದ ನಾಯಿ ಯಕ್ಕಾ ಇದು. ಬಾಡ ತಿಂದು ಬೆಳದದ್ದು. ನಿಮ್ಮ ರೊಟ್ಟಿ ಹಾಲು ಇದಕ ಯಾಕ ಹತ್ತೀತು? ನಮ್ಮ ಹಟ್ಟ್ಯಾಗ ಬಿಡ್ರಿ,” ಎಂದ. ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಆ ಮಾತು ಅತ್ತೆಗೆ ಎಷ್ಟು ಕಹಿಯಾಯಿತೆಂದರೆ ಅವನಿಗೆ ಕುಡಿಯಲು ಮಜ್ಜಿಗೆ ಕೊಡುವುದನ್ನೂ ಮರೆತರು. ಮಾವ ಹೋಗಲಿ ಎಂದು ಅದನ್ನು ಕುರಿಹಟ್ಟಿಗೂ ಕಳಿಸಿ ನೋಡಿದರು. ನಾಯಿ ಅಲ್ಲಿಯೂ ತಿನ್ನದೆ, ಸಂಜೆಗೆ ತಾನೇ ನಮ್ಮ ಗೋದಲಿಗೆ ತಿರುಗಿ ಬಂತು.

ಅತ್ತೆ ಕಟ್ಟೆಯ ಮೇಲೆ ಕುಳಿತು, ಎಳ್ಳು ಅಮಾವಾಸ್ಯೆಯ ಗಡುವು ಹಾಕಿ ತೀರ್ಪು ಕೊಟ್ಟರು. “ಎಳ್ಳಮಾಸಿ ಆಗೂತನಕ ನೋಡ್ತೀನಿ. ತಿಂದ್ರ ಇರ್ಲಿ. ಇಲ್ಲಂದ್ರ ಮುಂದಿನ ಕಣಕಿ ಗಾಡಿ ಹಿಂದ ಕಟ್ಟಿ ವಾಪಸ ಕಳಸ್ರಿ. ನನ್ನ ಮನ್ಯಾಗ ಒಂದು ಜೀವ ಉಪಾಸ ಸತ್ತತು ಅನ್ನೂ ಪಾಪ ನನಗ ಬ್ಯಾಡ.”

“ಅಲ್ಲಿ ಬಿಟ್ರ ಅದ ಜಾಗಾದಾಗ ಬಿದ್ದು ಸಾಯ್ತೈತಿ,” ಎಂದರು ಮಾವ.

“ಇಲ್ಲಿ ನನ್ನ ಕಣ್ಣ ಮುಂದ ಸಾಯ್ತೈತಿ. ಅಷ್ಟ ಫರಕ.”

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಆದರೆ ಹೊಸ ಸೊಸೆಯ ಸಿಟ್ಟು ಸೆರಗಿನ ಒಳಗೇ ಇರಬೇಕು. ನಾನೂ ಆ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ಎಲ್ಲಿ ಕುಳಿತರೆ ತಪ್ಪು, ಎಲ್ಲಿ ನಿಂತರೆ ತಪ್ಪು ಎಂದು ತಿಳಿಯದೆ ಕಂಬದ ಮರೆಯಲ್ಲಿ ನಿಲ್ಲುತ್ತಿದ್ದೆ. ಗೋದಲಿಯ ಹಿಂದಿನಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ನಾನು ನೋಡಿದರೆ ಅವು ಬೇರೆ ಕಡೆ ತಿರುಗುತ್ತಿದ್ದವು. ಆ ನಾಯಿ ಅಲ್ಲಿಯೇ ಉಳಿಯಲಿ ಎಂದು ನಾನು ದಿನವೂ ಲಿಂಗಪೂಜೆಯಲ್ಲಿ ಬೇಡಿಕೊಂಡೆ.

ಅಷ್ಟರಲ್ಲಿ ಸನಮಡಿಗೆ ಕೊಟ್ಟ ನಾದಿನಿ ಹಡೆದಳೆಂದು ಸುದ್ದಿ ಬಂತು. ಅತ್ತೆ ಕೊಬ್ಬರಿ, ಬೆಲ್ಲ, ಅಂಟಿನುಂಡಿ ಕಟ್ಟಿಕೊಂಡು ಹೊರಟರು. ಅಡಿಗೆ ಮನೆ ನನ್ನ ಕೈಗೆ ಬಂತು. ಬಂದ ಮೊದಲ ಸಂಜೆಯೇ ಕಾದ ತವೆ ಇಳಿಸಲು ಹೋಗಿ ಬಲಗೈ ಅಂಗೈ ಸುಟ್ಟುಕೊಂಡೆ. ಎಂಥ ಜಾಣೆ! ಮರುದಿನ ಅಂಗೈ ಬೊಬ್ಬೆ ಎದ್ದು ಊದಿತ್ತು. ಗಂಡಸರು ಹೊಲಕ್ಕೆ ಬುತ್ತಿ ಒಯ್ಯಬೇಕು. ಬಡಿಯುವ ಮಾತೇ ಇಲ್ಲ. ಕದ ಮುಂದೆ ಮಾಡಿಕೊಂಡು, ಹಿಟ್ಟಿಗೆ ಬಿಸಿ ಎಸರು ಹಾಕಿ ಚೆನ್ನಾಗಿ ನಾದಿ, ಹೋಳಿಗೆಯ ಲಟ್ಟಣಿಗೆ ತೆಗೆದೆ. ಕಳ್ಳತನ ಮಾಡುವವರ ಹಾಗೆ ಸಪ್ಪಳವಿಲ್ಲದೆ ಲಟ್ಟಿಸಿದೆ. ಒಂದನ್ನು ಎಂದಿನಂತೆ ಹಾಲಿನಲ್ಲಿ ಮುರಿದು ಗೋದಲಿಯ ಹತ್ತಿರ ಇಟ್ಟು ಬಂದೆ.

ಸ್ವಲ್ಪ ಹೊತ್ತಿಗೆ ಲೊಚಲೊಚ ಎಂದು ಕೇಳಿಸಿತು. ಓಣಿಯ ನಾಯಿ ನುಗ್ಗಿತೆಂದು ಕೋಲು ಹಿಡಿದು ಬಂದೆ. ನಮ್ಮದೇ! ಗಂಗಾಳ ಖಾಲಿ ಮಾಡಿ, ಅದರ ತಳವನ್ನು ನೆಕ್ಕುತ್ತ ಕಟ್ಟೆಯ ತನಕ ದೂಡಿಕೊಂಡು ಬಂದಿತ್ತು. ಕೋಲು ಕಂಡು ಓಡಿಹೋಯಿತು. ನಾನು ಕೋಲು ಬಿಸಾಡಿ ಅಲ್ಲಿಯೇ ಕುಳಿತು ಅತ್ತುಬಿಟ್ಟೆ. ಅಂಗೈಯ ಉರಿಗೋ, ಸಂತೋಷಕ್ಕೋ, ಗೊತ್ತಿಲ್ಲ. ಮಾವ ಮೇವು ಹಿಡಿದು ಬಂದವರು ನನ್ನನ್ನು, ಖಾಲಿ ಗಂಗಾಳವನ್ನು ನೋಡಿ ಬಂದ ದಾರಿಗೆ ಸುಮ್ಮನೆ ತಿರುಗಿದರು.

ಲಟ್ಟಿಸಿದಷ್ಟು ದಿನ ಅದು ತಿಂದಿತು. ಕೈ ಮಾಯಿತು, ಮತ್ತೆ ಬಡಿಯಲು ಕುಳಿತೆ. ಮೊದಲ ಏಟಿಗೇ ಅದು ಬಾಯಲ್ಲಿದ್ದ ತುಂಡು ಬಿಟ್ಟು ಎತ್ತಿನ ಕೆಳಗೆ ಹೋಯಿತು. ಆಗ ನನಗೆ ತಿಳಿಯಿತು. ನಾವು ಮರ್ಯಾದೆ ಎಂದು ಬಿಸಿ ರೊಟ್ಟಿ ಹಾಕಿ ಅದರ ಕಿವಿಯ ಹತ್ತಿರ ಬಡಿಯುತ್ತಿದ್ದೆವು. ಎಲ್ಲಿಯೋ, ಯಾರೋ ಅದನ್ನು ಬಡಿದಿದ್ದರು, ಇಲ್ಲವೆ ಅದರ ಕಣ್ಣೆದುರಿಗೆ ಮತ್ತೊಂದನ್ನು ಬಡಿದಿದ್ದರು. ಆ ಸಪ್ಪಳ ರೊಟ್ಟಿಯದು ಎಂದು ಅದಕ್ಕೆ ಯಾರು ಹೇಳಬೇಕು?

ಅತ್ತೆ ಸನಮಡಿಯಿಂದ ಬಂದವರು ಬುಟ್ಟಿ ತೆರೆದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ತಪ್ಪಿಸಲು ಸಾಧ್ಯವೇ?

“ಇದೇನ ತಂಗಿ, ಹಪ್ಪಳಾ ಮಾಡೀಯೇನು?”

ನಾನು ನಿಂತಲ್ಲಿಯೇ ಎಲ್ಲ ಹೇಳಿದೆ. ಆ ಮನೆಯಲ್ಲಿ ಅಷ್ಟು ಉದ್ದ ಮಾತನ್ನು ನಾನು ಆಡಿದ್ದು ಅದೇ ಮೊದಲು. ಅತ್ತೆ ನಕ್ಕರು, ನಂಬಲಿಲ್ಲ. ಮರುದಿನ ತಾವೇ ಒಲೆಯ ಮುಂದೆ ಕುಳಿತರು. ನಾಯಿ ತಿನ್ನಲು ಬಾಯಿ ಹಾಕಿದ್ದನ್ನು ನೋಡಿಕೊಂಡು ಒಂದು ಏಟು ಬಡಿದರು. ಅದು ಓಡಿತು. ಮತ್ತೆ ಹೊರಬಂದಾಗ ಮತ್ತೆ ಬಡಿದರು. ಮತ್ತೆ ಓಡಿತು. ಅತ್ತೆಯ ಮುಖ ಇಳಿಯಿತು. ಊರಿನಲ್ಲಿ ಮದುವೆಯಾದರೆ ರೊಟ್ಟಿಗೆ ಮೊದಲು ಅವರನ್ನೇ ಕರೆಯುತ್ತಿದ್ದರು. ಅವರ ಕೈಯ ತಾಳ ಕೇಳಲು ಹೆಂಗಸರು ಕೆಲಸ ಬಿಟ್ಟು ಕೂರುತ್ತಿದ್ದರು. “ನನ್ನ ಕೈ ಸಪ್ಪಳಕ್ಕ ಓಡ್ತೈತಲ್ಲ,” ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. “ಹಂಗಂತ ನಾ ಲಟ್ಟಸಾಕಿ ಅಲ್ಲ. ನೀ ಬೇಕಾದ್ರ ಲಟ್ಟಸು.”

ಹಾಗೆ ಅಡಿಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ನಾಯಿ ತಿನ್ನುವ ತನಕ ನಾನು ಲಟ್ಟಿಸುವುದು, ತಿಂದ ಮೇಲೆ ಅತ್ತೆ ಬಡಿಯುವುದು. ಹೊರಗಿನವರಿಗೆ ಇದೆಲ್ಲ ಏನು ಗೊತ್ತು? ನಮ್ಮ ಮನೆಯಿಂದ ಸಪ್ಪಳ ತಡವಾಗಿ ಬರುವುದನ್ನು ಓಣಿಯ ಕಿವಿಗಳು ಹಿಡಿದವು. ಬಾವಿಯ ಹತ್ತಿರ ಒಬ್ಬಾಕೆ ಬೇಕೆಂದೇ ಗಟ್ಟಿಯಾಗಿ, “ನಿಮ್ಮ ಸೊಸಿ ರೊಟ್ಟಿ ಲಟ್ಟಸ್ತಾಳಂತಲ್ಲ ಯಕ್ಕಾ?” ಎಂದಳು. ನಾನು ಕೊಡದ ಹಿಂದೆ ಮುಖ ಮುಚ್ಚಿಕೊಂಡೆ. ಅತ್ತೆ ಹಗ್ಗ ಸೇದುವುದನ್ನು ನಿಲ್ಲಿಸಲಿಲ್ಲ. “ಹೌದು. ನಾನ ಹೇಳೀನಿ ಲಟ್ಟಸಂತ. ನಿನಗ ಎರಡು ಕಳಸ್ಲೇನು?” ಎಂದರು. ಮನೆಗೆ ಬಂದು ನನ್ನನ್ನು ಬೇರೆ ಯಾವುದಕ್ಕೋ ಬೈದರು. ನನಗೆ ಆ ಬೈಗುಳ ಹಬ್ಬದೂಟದಷ್ಟು ರುಚಿಯಾಯಿತು.

ಕೆಲವು ದಿನಗಳ ಮೇಲೆ ಅತ್ತೆ ಬಡಿಯುವ ಸಪ್ಪಳ ಬೇರೆಯಾಗಿ ಕೇಳಿಸಿತು. ನೋಡಿದರೆ ರೊಟ್ಟಿ ಹಲಗೆಯ ಕೆಳಗೆ ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಏಟು ದಬ್ ದಬ್ ಎಂದು ಸತ್ತು ಬೀಳುತ್ತಿತ್ತು. “ಹಲಗಿ ಅಲಗಾಡ್ತೈತಿ, ಅದಕ,” ಎಂದರು, ನಾನು ಕೇಳದಿದ್ದರೂ. ಹಲಗೆ ಅಲುಗಾಡುತ್ತಿರಲಿಲ್ಲ. ನಾಯಿ ಕಿವಿ ನಿಮಿರಿಸಿತು, ಆದರೆ ಓಡಲಿಲ್ಲ. ಮೊದಲು ಬೆಂದ ರೊಟ್ಟಿಯನ್ನು ಅತ್ತೆ ಕಟ್ಟೆಯ ಅಂಚಿಗೆ ಇಟ್ಟು, ಬೇರೆ ಕಡೆ ಮುಖ ತಿರುಗಿಸಿ ಕುಳಿತರು. ಆಮೇಲೆ ತಟ್ಟಿನ ಒಂದು ಮಡಿಕೆ ಕಡಿಮೆಯಾಯಿತು, ಇನ್ನಷ್ಟು ದಿನಕ್ಕೆ ಇನ್ನೊಂದು. ಎಳ್ಳಮಾಸಿ ಹತ್ತಿರ ಬರುವಷ್ಟರಲ್ಲಿ ಹಲಗೆ ಬರೀ ನೆಲದ ಮೇಲಿತ್ತು. ನಾಯಿ ಕಟ್ಟೆಯ ಕೆಳಗೆ ಮಲಗಿ, ಏಟೇಟಿಗೂ ರೆಪ್ಪೆ ಬಡಿಯುತ್ತ, ತನ್ನ ಪಾಲಿಗೆ ಕಾಯುತ್ತಿತ್ತು. ಅತ್ತೆ ಮಾತ್ರ ಹಾಡಿದ್ದೇ ಹಾಡುತ್ತಿದ್ದರು: “ತಿಂದ್ರೇನಾತು? ಮುಟ್ಟಾಕ ಬಂದ್ರ ಓಡ್ತೈತಿ. ಕರದ್ರ ಬರವಲ್ದು. ಮನಿಗೆ ಹೊಂದದ ನಾಯಿ ತಗೊಂಡು ಏನ್ ಮಾಡೂದು? ಅಮಾಸಿ ಆಗ್ಲಿ.” ಗಾಡಿಗೆ ಹೇರಲು ಕಣಿಕೆಯ ಹೊರೆಗಳು ಅಂಗಳದಲ್ಲಿ ಸಿದ್ಧವಾಗಿದ್ದವು.

ಎಳ್ಳಮಾಸಿಯ ದಿನ ಊರೇ ಹೊಲದಲ್ಲಿ. ಸಜ್ಜೆ ರೊಟ್ಟಿ, ಜೋಳದ ಕಡಬು, ಬದನೆಕಾಯಿ ಎಣಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಗಳಲ್ಲಿ ತುಂಬಿಕೊಂಡು ಗಾಡಿ ಹೂಡಿದೆವು. ನಾಯಿ ಎತ್ತುಗಳ ಬೆನ್ನು ಹತ್ತಿ ತಾನಾಗಿಯೇ ಬಂತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದ ಮೇಲೆ ಚರಗ ಚೆಲ್ಲಬೇಕು. ಮಾಡಿದ ಅಡಿಗೆಯನ್ನು ಕಲಸಿ, ಭೂಮಿತಾಯಿ ಉಣ್ಣಲಿ ಎಂದು ಕೂಗುತ್ತ ಹೊಲದ ತುಂಬ ಎಸೆಯುವುದೇ ಚರಗ. ನನ್ನ ಗಂಡ ಬುಟ್ಟಿ ಹಿಡಿದು, ಕೈ ಬೀಸಿ, ಗಂಟಲು ಹರಿಯುವಂತೆ ಕೂಗಿ ಮೊದಲ ಹಿಡಿ ಎಸೆದರು.

ಕೂಗುತ್ತ ಕೈ ಎತ್ತಿ ಎಸೆಯುವ ಮನುಷ್ಯನನ್ನು ಕಂಡರೆ ಆ ನಾಯಿಗೆ ಏನಾಗಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅದು ನೆಲಕ್ಕೆ ಅಂಟಿಕೊಂಡು ಒಮ್ಮೆ ಕೂಗಿತು, ಆಮೇಲೆ ಜೋಳದೊಳಗೆ ನುಗ್ಗಿತು. ಆಳೆತ್ತರದ ಜೋಳ. ತೆನೆಗಳು ಅಲುಗಾಡಿದ್ದು ಒಂದು ಕ್ಷಣ ಕಂಡಿತು, ಮುಂದೆ ಅದೂ ಇಲ್ಲ. ಪಕ್ಕದ ಹೊಲದಲ್ಲಿಯೂ ಕೂಗು, ಅದರಾಚೆಗಿನದರಲ್ಲಿಯೂ ಕೂಗು. ಎತ್ತ ಓಡಿದರೂ ಕೈ ಎತ್ತಿದ ಮನುಷ್ಯರೇ. ಗಂಡಸರು ಸಾಲುಸಾಲಿನಲ್ಲಿ ಹೊಕ್ಕು “ಪಾವಣ್ಯಾ, ಪಾವಣ್ಯಾ” ಎಂದು ಒದರಿದರು. ಹೊತ್ತು ಇಳಿಯುತ್ತ ಬಂತು. ಉಂಡವರು ಯಾರೂ ಇಲ್ಲ. ಮಾವ ಗಾಡಿಯ ನೊಗದ ಮೇಲೆ ಕುಳಿತುಬಿಟ್ಟರು. “ಎತ್ತೂ ಹ್ವಾತು, ಇದೂ ಹ್ವಾತು,” ಎಂದರು. ಅವರು ಆ ಎತ್ತಿನ ಹೆಸರು ಎತ್ತಿದ್ದನ್ನು ನಾನು ಗಾಡಿ ಬಂದ ದಿನದ ಮೇಲೆ ಕೇಳಿರಲಿಲ್ಲ.

ಅತ್ತೆ ಅವರನ್ನು ನೋಡಿದರು. ಆಮೇಲೆ ಎದ್ದರು. “ಬಾಯಿ ಮುಚ್ಚಿ ಕುಂದರ್ರಿ ಎಲ್ಲಾರೂ! ಒದರಿದಷ್ಟೂ ದೂರ ಹೊಕ್ಕೈತಿ ಅದು. ತಂಗಿ, ಆ ಕಡಬಿನ ಬುಟ್ಟಿ ತಾ. ತಂಬಗಿ ನೀರೂ ತಾ.”

ಬಾವಿಯ ಹತ್ತಿರ ಬಟ್ಟೆ ಒಗೆಯುವ ಚಪ್ಪಟೆ ಕಲ್ಲು ಇತ್ತು. ಅತ್ತೆ ಅದರ ಮುಂದೆ ಒಲೆಯ ಮುಂದೆ ಕೂರುವ ಹಾಗೆ ಕುಳಿತು, ಬೆಂದ ಜೋಳದ ಕಡಬುಗಳನ್ನು ಕೈಯಲ್ಲಿ ಹಿಸುಕಿ, ನೀರು ಹಚ್ಚಿ ನಾದಿದರು. ಹಬ್ಬದ ಅಡಿಗೆ, ದೇವರಿಗೆ ಎಡೆ ಮಾಡಿದ್ದು! ನಾನು ಬಾಯಿ ತೆರೆದು ನೋಡುತ್ತ ನಿಂತೆ. ಉಂಡೆ ಮಾಡಿ ಕಲ್ಲಿನ ಮೇಲಿಟ್ಟು ಬಡಿಯತೊಡಗಿದರು. ಪಟ ಪಟ ಪಟ. ಬೆಂದ ಹಿಟ್ಟು ಎಲ್ಲಿ ಅಗಲವಾದೀತು? ಹರಿಯಿತು. ಒಟ್ಟುಮಾಡಿ ಮತ್ತೆ ಬಡಿದರು. ಮತ್ತೆ ಹರಿಯಿತು. ಊರಿಗೇ ಹೆಸರಾದ ರೊಟ್ಟಿಯ ಕೈ, ಹೊಲದ ನಡುವೆ ಎಲ್ಲರ ಕಣ್ಣೆದುರಿಗೆ ಹರಕು ರೊಟ್ಟಿ ಬಡಿಯುತ್ತಿತ್ತು. ಪಕ್ಕದ ಹೊಲದ ಹೆಂಗಸರು ಬದುವಿನ ಮೇಲೆ ಬಂದು ನಿಂತು ನೋಡಿದರು. ಅತ್ತೆ ತಲೆ ಎತ್ತಲಿಲ್ಲ.

“ನಿಂತೀಯೇನ? ನೀನೂ ಬಡಿ,” ಎಂದರು. ನಾನು ಎದುರಿಗೆ ಕುಳಿತು ಬಡಿದೆ. ಅತ್ತೆಯದೊಂದು ಏಟು, ನನ್ನದೊಂದು. ಬೇರೆ ಏನೂ ಸಪ್ಪಳವಿರಲಿಲ್ಲ.

ಎಷ್ಟು ಹೊತ್ತು ಬಡಿದೆವೋ. ಬದುವಿನ ಕಡೆಯ ಜೋಳ ಅಲುಗಿತು. ಮೊದಲು ಉದ್ದ ಮೋರೆ, ಆಮೇಲೆ ಜೋಳದ ಒಣ ಎಲೆಯ ರವದಿ ಹತ್ತಿದ ಕಿವಿಗಳು. ನನ್ನ ಗಂಡ ಏಳಲು ಹೋದರು, ಮಾವ ಅವರ ತೋಳು ಹಿಡಿದು ಕೂಡಿಸಿದರು. ನಾಯಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಬಂತು. ಮಾವನನ್ನು ದಾಟಿತು, ಎತ್ತುಗಳನ್ನು ದಾಟಿತು, ಬಂದು ಅತ್ತೆಯ ತೊಡೆಯ ಪಕ್ಕ ಮಲಗಿ ಆ ದೊಡ್ಡ ತಲೆಯನ್ನು ಅವರ ಮೊಣಕಾಲ ಮೇಲಿಟ್ಟಿತು. ಅದು ಯಾರನ್ನಾದರೂ ತಾನಾಗಿ ಮುಟ್ಟಿದ್ದು ಅದೇ ಮೊದಲು. ಅತ್ತೆ ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅದು ಎದ್ದು ಹೋದೀತೆಂದು ಅವರಿಗೆ ಹೆದರಿಕೆ. ಒಂದು ಕೈಯಿಂದ ಬಡಿಯುತ್ತ, ಹಿಟ್ಟು ಮೆತ್ತಿದ ಇನ್ನೊಂದು ಕೈಯನ್ನು ಅದರ ಕುತ್ತಿಗೆಯ ಮೇಲಿಟ್ಟರು. “ಎಲ್ಲಿ ಹೋಗಿದ್ಯೋ ಮೂಳಾ? ಎಲ್ಲಾರ್ನೂ ಉಪಾಸ ಕೆಡವಿದಿ,” ಎಂದರು. ಮಾವ ಎತ್ತುಗಳ ಕಡೆ ತಿರುಗಿ ತಲೆಯ ಪಟಕಾದ ಚುಂಗಿನಿಂದ ಮುಖ ಒರೆಸಿಕೊಂಡರು.

ಕಣಿಕೆ ಹೇರಿದ ಗಾಡಿ ಪೇಟೆಗೆ ಹೊರಟ ದಿನ ಮಾವ ಅಂಗಳದಿಂದಲೇ ಕೂಗಿ ಕೇಳಿದರು. “ಗಾಡಿ ಹಿಂದ ಏನರ ಕಟ್ಟೂದೈತೇನ?” ಅವರ ಧ್ವನಿಯಲ್ಲಿ ನಗು ಇತ್ತು. ನಾಯಿ ಬೆಳಿಗ್ಗೆಯೇ ನನ್ನ ಗಂಡನ ಜೊತೆ, ಎತ್ತುಗಳ ಹಿಂದೆ, ಊರ ಹೊರಗಿನ ಹೊಲಕ್ಕೆ ಹೋಗಿತ್ತು. ನಾನು ಒಲೆಯ ಮುಂದೆ ಕುಳಿತಿದ್ದೆ. ಲಟ್ಟಣಿಗೆ ಹೋಳಿಗೆಯ ಡಬ್ಬಿಗೆ ಹಿಂದಿರುಗಿತ್ತು. ಆದರೂ ಅಭ್ಯಾಸ ಬಿಡದೆ, ತಗ್ಗಿಸಿದ ಕೈಯಿಂದ ಮೆಲ್ಲಗೆ ಬಡಿಯುತ್ತಿದ್ದೆ.

ಅತ್ತೆ ಬಂದು ಹಲಗೆಯ ಪಕ್ಕ ನಿಂತರು.

“ಏ ಹುಡುಗಿ, ಅದೇನ್ ಸಪ್ಪಳ? ಜೋರಲೇ ಬಡಿ. ಪಾವಣ್ಯಾ ಹೊಲದಾಗ ಇದ್ದಾನು, ಅವಗ ಕೇಳಬೇಕಲ್ಲ.”